ಕಾಲುಸಂಕದ ಬಾಬ್ತು

ಹೋದ ವರ್ಷ ಕುಮಟೆಯ ಇಗರ್ಜಿಯ, ಅಂದರೆ ಚರ್ಚಿನ, ಹುಡುಗರು ಹುಡುಗಿಯರು ನಾಲ್ಕೈದು ಮಂದಿ ನನ್ನ ಮನೆಗೆ ಬಂದು, ಸರ್ಕಾರದ ಬಜೆಟ್ಟನ್ನು ಕ್ರೈಸ್ತರಾದವರು ಹೇಗೆ ಓದಬೇಕು ಅನ್ನುವುದರ ಬಗ್ಗೆ ಕೆಲವು ಭಾನುವಾರ ಪಾಠ ಮಾಡಬೇಕು ಎಂದು ಕೇಳಿದರು. ಕಾಲೇಜಿನಲ್ಲಿ ಜೀವಮಾನವಿಡೀ ಸಾರ್ವಜನಿಕ ಹಣಕಾಸು ಕಲಿಸಿ ನಿವೃತ್ತಳಾದವಳು ನಾನು, ಹಾಗಾಗಿ ಅವರು ಬಂದದ್ದು ಸರಿಯಾದ ಬಾಗಿಲಿಗೇ. ಆದರೂ ಮೊದಲು ಆಗುವುದಿಲ್ಲ ಎಂದೆ, ಮೊಣಕಾಲು ನೋವು ಎಂದೆ, ಆಮೇಲೆ ಒಪ್ಪಿಕೊಂಡೆ. ಮೊದಲನೇ ದಿನವೇ ಒಬ್ಬಳು ಎದ್ದು ನಿಂತು, ತೆರಿಗೆಗೂ ದೇವರಿಗೂ ಸಂಬಂಧ ಇದೆ ಅಂತ ನಿಮಗೆ ಹೊಳೆದದ್ದು ಯಾವಾಗ ಮೇಡಂ ಎಂದು ಕೇಳಿದಳು. ಧಾರವಾಡದಲ್ಲಿ ಎಂ.ಎ. ಓದುವಾಗ ಎಂದು ಹೇಳಿ ಮುಂದಿನ ಮಾತಿಗೆ ಹೋದೆ. ಅದು ಸುಳ್ಳು. ಹೊಳೆದದ್ದು ನಮ್ಮ ಮನೆಯ ಊಟದ ಮೇಜಿನಲ್ಲಿ, ಹೊಳೆಯಿಸಿದವರು ನನ್ನ ಅಪ್ಪ. ಅವರು ಕಲಿಸಿದ್ದರಲ್ಲಿ ಒಂದು ಮಾತೂ ತಪ್ಪಾಗಿರಲಿಲ್ಲ. ಇವತ್ತಿಗೂ ನನ್ನ ಮೈ ಉರಿಯುವುದು ಅದಕ್ಕೇ.

ನಮ್ಮ ಮನೆ ಹೊನ್ನಾವರದಿಂದ ಒಂದು ಬಸ್ಸಿನ ದೂರದಲ್ಲಿ, ಉಪ್ಪುನೀರಿನ ಹಳ್ಳವೊಂದು ಸಮುದ್ರಕ್ಕೆ ಸೇರುವ ಊರಿನಲ್ಲಿತ್ತು. ಊರಿನ ಹೆಸರು ಬರೆಯುವುದಿಲ್ಲ; ಅಲ್ಲಿ ಈಗಲೂ ನಮ್ಮವರಿದ್ದಾರೆ. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು. ಎದುರಿನ ಕೋಣೆಯಲ್ಲಿ ದೇವರ ಪೀಠ, ಅದರ ಕೆಳಗೇ ಊಟದ ಮೇಜು. ಬೇರೆ ಜಾಗ ಇರಲಿಲ್ಲವೆಂದು ಮೇಜು ಅಲ್ಲಿತ್ತೇ ಹೊರತು ಅದರಲ್ಲಿ ಭಕ್ತಿಯೇನೂ ಇರಲಿಲ್ಲ, ಆದರೆ ಅಲ್ಲಿ ಕೂತು ಮಾತಾಡಿದ್ದೆಲ್ಲ ದೇವರ ಎದುರಿಗೇ ಮಾತಾಡಿದ ಹಾಗೆ ಆಗುತ್ತಿತ್ತು. ಪಪ್ಪಾ ಪಂಚಾಯ್ತಿಯ ಸೆಕ್ರೆಟರಿ. ಸಂಜೆ ಜಪಮಾಲೆ ಮುಗಿದ ಕೂಡಲೇ ಕಚೇರಿಯ ಫೈಲು ಬಿಚ್ಚಿ, ಈ ತಿಂಗಳು ಎಷ್ಟು ಮನೆಯ ತೆರಿಗೆ ಬಂತು, ಬಾವಿಯ ರಾಟೆಗೆ ಎಷ್ಟು ಹೋಯಿತು ಎಂದು ನನಗೂ ನನ್ನ ತಮ್ಮನಿಗೂ ಓದಿ ಹೇಳುತ್ತಿದ್ದರು. ಮಾಯ್, ಅಂದರೆ ನನ್ನ ಅಮ್ಮ, ಒಂದು ಜಪ ಮುಗಿದು ಇನ್ನೊಂದು ಶುರುವಾಯಿತು, ಇದಕ್ಕಾದರೂ ಮೊಣಕಾಲೂರಬೇಕಾಗಿಲ್ಲವಲ್ಲ ಎಂದು ಅಡುಗೆಮನೆಯಿಂದಲೇ ಚುಚ್ಚುತ್ತಿದ್ದಳು. ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಕಚೇರಿಯ ವಿಷಯ ಬಂದಾಗ ಮಾತ್ರ ಪಪ್ಪಾ ಕನ್ನಡಕ್ಕೆ ಹೊರಳುತ್ತಿದ್ದರು, ಆಗ ಅವರ ಬೆನ್ನೂ ನೆಟ್ಟಗಾಗುತ್ತಿತ್ತು.

ತೆರಿಗೆಯನ್ನು ಎಲ್ಲರೂ ಬಯ್ಯುವ ಊರಿನಲ್ಲಿ ಅದರ ಪರವಾಗಿ ಮಾತಾಡುತ್ತಿದ್ದ ಒಬ್ಬನೇ ಮನುಷ್ಯ ನನ್ನ ಅಪ್ಪ. ಅದು ದಂಡವಲ್ಲ, ಪಾಲು ಎನ್ನುತ್ತಿದ್ದರು. ಮಾಯ್ ದಿನಾ ಅನ್ನಕ್ಕೆ ಅಕ್ಕಿ ಅಳೆಯುವಾಗ ಬಡವರ ಹೆಸರಿನಲ್ಲಿ ಒಂದು ಮುಷ್ಟಿ ತೆಗೆದು ಡಬ್ಬಿಗೆ ಹಾಕುತ್ತಿದ್ದಳು. ತಿಂಗಳಿಗೊಮ್ಮೆ ಅದು ಇಗರ್ಜಿಗೆ ಹೋಗುತ್ತಿತ್ತು. ಪಪ್ಪಾ ಅದನ್ನು ತೋರಿಸಿ, ನೋಡು, ಮೊದಲು ತೆಗೆಯುತ್ತಾಳೆ, ಉಳಿದರೆ ಕೊಡುವಾ ಅಂತ ಕಾಯುವುದಿಲ್ಲ, ಸರ್ಕಾರವೂ ಹೀಗೇ ಮಾಡಬೇಕು ಎನ್ನುತ್ತಿದ್ದರು. ಮಾಯ್ ಅದಕ್ಕೆ, ಸರ್ಕಾರ ಮೊದಲು ಅಕ್ಕಿ ತಂದು ಹಾಕಲಿ ಎನ್ನುತ್ತಿದ್ದಳು. ಒಂದು ವರ್ಷ ನಾವು ಹಿತ್ತಲಲ್ಲಿ ಬಚ್ಚಲುಮನೆ ಕಟ್ಟಿಸಿದೆವು. ಪಪ್ಪಾ ತಾವೇ ಅಳತೆ ಪಟ್ಟಿ ಹಿಡಿದು ಅದನ್ನು ಅಳೆದು, ನಮ್ಮ ಮನೆಯ ತೆರಿಗೆಯನ್ನು ತಾವೇ ಏರಿಸಿ ಬರೆದುಕೊಂಡರು. ಅಧ್ಯಕ್ಷರ ಮನೆಗೆ ಮಾಳಿಗೆ ಬಂದು ಎಷ್ಟು ವರ್ಷವಾಯಿತು, ಅದನ್ನು ಅಳೆಯುವುದಕ್ಕೆ ನಿಮ್ಮ ಪಟ್ಟಿ ಸಾಲುವುದಿಲ್ಲವೋ ಎಂದು ಮಾಯ್ ಮೂರು ದಿನ ಅವರೊಡನೆ ಮಾತು ಬಿಟ್ಟಳು. ಮೂರು ದಿನವೂ ಬರೀ ಗಂಜಿ, ಒಣಮೀನಿನ ಚಟ್ನಿಯೂ ಇಲ್ಲ. ನಾನು ಪಪ್ಪಾನ ಕಡೆ. ಗಂಜಿ ಕುಡಿಯುತ್ತ ಇಂಥ ಅಪ್ಪ ಊರಿನಲ್ಲಿ ಯಾರಿಗಿದ್ದಾರೆ ಎಂದು ಹೆಮ್ಮೆಪಟ್ಟವಳು ನಾನು, ಇದನ್ನು ಮುಚ್ಚಿಡುವುದಿಲ್ಲ.

ಫೆಬ್ರವರಿ ಬಂತೆಂದರೆ ಪಂಚಾಯ್ತಿಯ ಬಜೆಟ್ಟಿನ ಕರಡು ಮನೆಗೆ ಬರುತ್ತಿತ್ತು. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಶಾಲೆಯಲ್ಲಿ ಹೆಸರು, ಹಾಗಾಗಿ ಐದನೇ ಕ್ಲಾಸಿನಿಂದಲೇ ಅದನ್ನು ಶುದ್ಧಪ್ರತಿ ಮಾಡುವ ಕೆಲಸ ನನ್ನದಾಯಿತು. ಬರೆಯುವ ಮೊದಲು ಪಪ್ಪಾ ಒಂದೊಂದು ಬಾಬ್ತನ್ನೂ ಓದಿ, ಇದರಿಂದ ಯಾರಿಗೆ ಸಿಕ್ಕಿತು, ಯಾರ ಕೈಯಿಂದ ಹೋಯಿತು, ಇದನ್ನು ಬರೆಯುವಾಗ ಯಾರು ಕೋಣೆಯಲ್ಲಿ ಇರಲಿಲ್ಲ ಎಂದು ನನ್ನನ್ನು ಕೇಳುತ್ತಿದ್ದರು. ನಾನು ತಪ್ಪು ಹೇಳಿದರೆ ನಗುತ್ತಿರಲಿಲ್ಲ. ಹೀಗೆ ಒಂದು ದಿನ ಅವರು ಹೇಳಿದ ಮಾತನ್ನು ನಾನು ಆಮೇಲೆ ಎಷ್ಟೋ ತರಗತಿಗಳಲ್ಲಿ ನನ್ನದೇ ಎಂಬ ಹಾಗೆ ಹೇಳಿದ್ದೇನೆ:

“ಬಜೆಟ್ ಅಂದ್ರೆ ಪ್ರಾರ್ಥನೆ ಇದ್ದ ಹಾಗೆ ಬಾಯೆ. ಯಾರ ಹೆಸರು ಬಂತು, ಯಾರದ್ದು ಬಿಟ್ಟುಹೋತು, ಅದನ್ನ ನೋಡೂದು. ಹೆಸರು ಬರೆದ ಮೇಲೆ ಅದು ದೇವರ ಎದುರು ಕೊಟ್ಟ ಮಾತು.”

ಬಾಯೆ ಎಂದರೆ ನಮ್ಮಲ್ಲಿ ಮಗಳೇ ಎಂದ ಹಾಗೆ. ಬೇರೆಯವರ ಎದುರು ಅವರು ನನ್ನನ್ನು ಹಾಗೆ ಕರೆಯುತ್ತಿರಲಿಲ್ಲ.

ಮಾದೇವಿ ನನ್ನ ಗೆಳತಿ. ಹಳ್ಳದ ಆಚೆ ಮೀನುಗಾರರ ಕೇರಿ, ಹತ್ತಿಪ್ಪತ್ತು ಮನೆ. ಈಚೆ ಶಾಲೆ, ಪಂಚಾಯ್ತಿ, ಇಗರ್ಜಿ, ಬಸ್ಸು. ಹಳ್ಳಕ್ಕೆ ಅಡ್ಡವಾಗಿ ಎರಡು ತೆಂಗಿನ ಕಾಂಡ ಜೋಡಿಸಿ ಹಾಕಿದ್ದರು. ಅದೇ ಸಂಕ. ಸಮುದ್ರ ಉಕ್ಕಿ ಭರತ ಬಂದಾಗ ನೀರು ಅದರ ಮೇಲೆಯೇ ಹರಿಯುತ್ತಿತ್ತು. ಮಾದೇವಿಯ ಅಪ್ಪ ಭಟ್ಕಳ ಬಂದರದಲ್ಲಿ ಬೋಟಿಗೆ ಹೋಗುತ್ತಿದ್ದವನು, ಎರಡು ವಾರಕ್ಕೊಮ್ಮೆ ಮನೆಗೆ ಬರುವವನು. ಅವಳ ಅವ್ವಿ ನಾಗಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಕಡೆಯ ಮನೆಗಳಿಗೆ ಮೀನು ತರುತ್ತಿದ್ದಳು. ಏಳನೇ ಕ್ಲಾಸಿನ ಮಳೆಗಾಲದಲ್ಲಿ ಮಾದೇವಿ ಶಾಲೆಗೆ ಬರುವಾಗ ಸಂಕದಿಂದ ಜಾರಿ ಬಿದ್ದಳು. ಬಲೆ ಕಟ್ಟಿದ ಗೂಟ ಕೈಗೆ ಸಿಕ್ಕಿತು, ಬದುಕಿದಳು. ಪಾಟಿಚೀಲ ಸಮುದ್ರಕ್ಕೆ ಹೋಯಿತು. ಅವತ್ತೇ ನಾಗಮ್ಮ ತೀರ್ಮಾನ ಮಾಡಿಬಿಟ್ಟಳು. ಏಳನೆಯದು ಹೇಗೋ ಮುಗಿಯಲಿ, ಹೈಸ್ಕೂಲು ಬಿಡುವುದು ಸಂಜೆ, ಆ ಹೊತ್ತಿಗೆ ಎಷ್ಟೋ ದಿನ ನೀರು ಏರಿರುತ್ತದೆ, ಸಿಮೆಂಟಿನ ಸಂಕ ಆದರೆ ಕಳಿಸುತ್ತೇನೆ, ಇಲ್ಲದಿದ್ದರೆ ಭಟ್ಕಳಕ್ಕೆ ಚಿಕ್ಕಮ್ಮನ ಹತ್ತಿರ ಸಿಗಡಿ ಸುಲಿಯಲು ಹೋಗಲಿ ಎಂದಳು. ಲೆಕ್ಕದಲ್ಲಿ ಮಾದೇವಿ ನನಗಿಂತ ಬಹಳ ಮುಂದಿದ್ದವಳು. ಮೇಷ್ಟ್ರು ಬೋರ್ಡಿನಲ್ಲಿ ಬರೆದು ಮುಗಿಸುವ ಮೊದಲೇ ಉತ್ತರ ಹೇಳಿ ಬೈಸಿಕೊಳ್ಳುತ್ತಿದ್ದಳು.

ನಾನು ಮನೆಗೆ ಬಂದು ಅತ್ತೆ. ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಪೂಜೆ ಮುಗಿಸಿ ಬಂದ ಪಪ್ಪಾ ನನ್ನನ್ನು ಮೇಜಿಗೆ ಕರೆದು ಬಿಳಿ ಹಾಳೆ ಎದುರಿಗಿಟ್ಟು, ಮಾದೇವಿ ಬಿದ್ದದ್ದನ್ನು ಬರೆ, ನೀನು ಕಂಡ ಹಾಗೆಯೇ ಬರೆ, ಜಿಲ್ಲೆಗೆ ಕಳಿಸುವ ಅರ್ಜಿಗೆ ಸೇರಿಸಬೇಕು ಎಂದರು. ನನ್ನ ಜೀವನದಲ್ಲಿ ನಾನು ಅಷ್ಟು ಮನಸ್ಸಿಟ್ಟು ಏನನ್ನೂ ಬರೆದಿಲ್ಲ, ನನ್ನ ಪಿಎಚ್.ಡಿ. ಪ್ರಬಂಧವನ್ನೂ ಸೇರಿಸಿ ಹೇಳುತ್ತಿದ್ದೇನೆ. ಗೂಟ ಹಿಡಿದ ಅವಳ ಕೈಯಲ್ಲಿ ಚಿಪ್ಪು ಗೀರಿ ರಕ್ತ ಬಂದದ್ದು, ಮೂರನೇ ಕ್ಲಾಸಿನ ಮಕ್ಕಳು ಕಾಂಡದ ಮೇಲೆ ಕೂತು ಕೂತು ದಾಟುವುದು, ನೀರು ಏರಿದ ದಿನ ಹಾಜರಿ ಪುಸ್ತಕದಲ್ಲಿ ಆಚೆ ಕೇರಿಯವರ ಹೆಸರಿನ ಮುಂದೆಲ್ಲ ಗೈರು ಬೀಳುವುದು, ಎಲ್ಲವನ್ನೂ ಬರೆದೆ. ಪಪ್ಪಾ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ಕಣ್ಣೀರು ನಿಜವಾದದ್ದೇ ಎಂದು ನಾನು ಈಗಲೂ ನಂಬುತ್ತೇನೆ.

ಫೆಬ್ರವರಿಯ ಕರಡಿನಲ್ಲಿ ಸಂಕ ಬಂತು. ‘ಹಳ್ಳಕ್ಕೆ ಕಾಲುಸಂಕ ನಿರ್ಮಾಣ’ ಎಂದು ನಾನೇ ನನ್ನ ಕೈಯಿಂದ ಶುದ್ಧಪ್ರತಿಯಲ್ಲಿ ಬರೆದೆ. ಮಾರನೇ ದಿನ ಶಾಲೆಯಲ್ಲಿ ಮಾದೇವಿಯ ಕೈ ಹಿಡಿದು, ಬರೆದಾಯಿತು, ಇನ್ನು ಆದ ಹಾಗೆಯೇ ಎಂದೆ. ಅವಳಿಗೆ ಅರ್ಧ ನಂಬಿಕೆ. ಶಾಲೆ ಬಿಟ್ಟ ಮೇಲೆ ನನ್ನನ್ನು ಕರಕೊಂಡೇ ಸಂಕ ದಾಟಿಸಿ ತನ್ನ ಮನೆಗೆ ಕರೆದೊಯ್ದಳು. ನಾಗಮ್ಮ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು. ನಾನು ಪಪ್ಪಾ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಹೆಸರು ಬರೆದ ಮೇಲೆ ಅದು ದೇವರ ಎದುರು ಕೊಟ್ಟ ಮಾತು ಎಂಬುದನ್ನೂ ಬಿಡದೆ ಹೇಳಿದೆ.

“ನಿಮ್ ದೇವರ ಎದುರಾ, ನಮ್ ದೇವರ ಎದುರಾ?” ಎಂದಳು ನಾಗಮ್ಮ.

“ಎರಡೂ,” ಎಂದೆ.

“ಹಂಗಾರೆ ಆತು. ನೀ ಹೇಳ್ತೆ ಅಂದ್ರೆ ಕಳಿಸ್ತೆ.”

ಆ ವಾರವೇ ಅವಳು ಹೊನ್ನಾವರಕ್ಕೆ ಹೋಗಿ ಹೈಸ್ಕೂಲಿನ ನೀಲಿ ಲಂಗದ ಬಟ್ಟೆ ತಂದಳು. ಬೆಳೆಯುವ ಹುಡುಗಿ ಎಂದು ಎರಡು ಗೇಣು ಹೆಚ್ಚಿಗೇ ತಂದಿದ್ದಳು.

ಆ ವರ್ಷ ಮೇ ತಿಂಗಳಲ್ಲಿ ಬಿಷಪರು ನಮ್ಮ ಇಗರ್ಜಿಗೆ ಬರುವವರಿದ್ದರು. ಹೆದ್ದಾರಿಯಿಂದ ಇಗರ್ಜಿಯ ಬಾಗಿಲವರೆಗೆ ಕೆಂಪುಮಣ್ಣಿನ ದಾರಿ, ಕಾರು ಬಂದರೆ ಹೊಂಡದಲ್ಲಿ ಇಳಿದು ಏಳಬೇಕು. ಏಪ್ರಿಲ್‌ನಲ್ಲಿ ಜಲ್ಲಿ ಬಂತು, ಡಾಂಬರಿನ ಡ್ರಮ್ಮು ಬಂತು. ಇಗರ್ಜಿಯವರು ಮಾಡಿಸುತ್ತಿದ್ದಾರೆ ಎಂದು ಊರವರು ಅಂದುಕೊಂಡರು, ನಾನೂ ಹಾಗೆಯೇ ಅಂದುಕೊಂಡೆ. ಬಿಷಪರು ಬಂದ ದಿನ ನಾವು ಹುಡುಗಿಯರು ಹೊಸ ರಸ್ತೆಯ ಎರಡೂ ಬದಿ ನಿಂತು ಹೂ ಎರಚಿದೆವು; ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಜೂನ್‌ನಲ್ಲಿ ಹೈಸ್ಕೂಲು ಶುರುವಾಯಿತು. ಮಾದೇವಿ ಉದ್ದದ ನೀಲಿ ಲಂಗ ಹಾಕಿಕೊಂಡು ಒಂದು ವಾರ ಬಂದಳು. ಮಳೆ ಹಿಡಿಯಿತು, ನಾಗಮ್ಮ ನಿಲ್ಲಿಸಿದಳು. ಸಂಕ ಯಾವಾಗ ಎಂದು ನಾನು ಕೇಳಿದಾಗಲೆಲ್ಲ ಪಪ್ಪಾ ಮಳೆ ಮುಗಿಯಲಿ ಎಂದರು. ಮಳೆಯಲ್ಲಿ ಸಿಮೆಂಟಿನ ಕೆಲಸ ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆಯವರೆಗೆ ಹೆಸರು ತೆಗೆಯುವುದಿಲ್ಲ ಎಂದು ಹೆಡ್ಮಾಸ್ತರರು ಹೇಳಿದ್ದರು. ನಾನು ದಿನದ ಪಾಠವನ್ನೆಲ್ಲ ಎರಡೆರಡು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ, ಒಂದು ನನಗೆ, ಒಂದು ಅವಳಿಗೆ.

ಆಗಸ್ಟ್ ಕೊನೆಗೆ ಪಪ್ಪಾ ಎಂದಿನಂತೆ ಶುದ್ಧಪ್ರತಿ ಮಾಡು ಎಂದು ಒಂದು ಠರಾವಿನ ಕರಡು ಕೊಟ್ಟರು. ಅವರು ಅದನ್ನು ಬಚ್ಚಿಟ್ಟಿದ್ದರೆ ನನಗೆ ಎಂದೂ ತಿಳಿಯುತ್ತಿರಲಿಲ್ಲ. ಬಚ್ಚಿಡಬೇಕು ಎಂದೇ ಅವರಿಗೆ ಅನ್ನಿಸಲಿಲ್ಲ. ಎರಡನೇ ಸಾಲು ಹೀಗಿತ್ತು: ಕಾಲುಸಂಕದ ಬಾಬ್ತಿಗೆ ಬಂದ ಹಣವನ್ನು ಇಗರ್ಜಿ ರಸ್ತೆಯ ಡಾಂಬರೀಕರಣಕ್ಕೆ ವರ್ಗಾಯಿಸಿ ಖರ್ಚು ಮಾಡಿದ್ದಕ್ಕೆ ಘಟನೋತ್ತರ ಅನುಮೋದನೆ ನೀಡಲಾಗಿದೆ. ಘಟನೋತ್ತರ ಎಂದರೆ ಆಗಿಹೋದ ಮೇಲೆ ಕೇಳುವುದು, ಆಗಲೇ ಪಪ್ಪಾ ಕಲಿಸಿದ್ದ ಶಬ್ದ ಅದು. ಮೂರು ಸಲ ಓದಿದೆ. ಪಪ್ಪಾ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದರು. ನಾನು ಕೊನೆಯವರೆಗೂ ಬರೆದುಕೊಟ್ಟೆ, ಒಂದು ಚಿತ್ತೂ ಇಲ್ಲದ ಹಾಗೆ.

ಸೆಪ್ಟೆಂಬರಿನಲ್ಲಿ ಮರಿಯಮ್ಮನವರ ಹುಟ್ಟಿದ ದಿನ ನಮ್ಮಲ್ಲಿ ಹೊಸತು ಉಣ್ಣುವ ಹಬ್ಬ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ನಾಲ್ಕು ಕಾಳು ಸುಲಿದು ಅರೆದು, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸಿ, ಯಜಮಾನನ ಕೈಯಿಂದ ಎಲ್ಲರೂ ಒಂದೊಂದು ಚಮಚ ತೆಗೆದುಕೊಂಡ ಮೇಲೆಯೇ ಊಟ. ಆ ದಿನ ಮೀನು ಮಾಂಸ ಇಲ್ಲ. ಹರಿವೆ, ಕೆಸು, ಬೆಂಡೆ, ಹೀರೆ. ನಮ್ಮ ಮನೆಯಲ್ಲಿ ಇದಕ್ಕೆ ಇನ್ನೊಂದು ಕ್ರಮ ಸೇರಿತ್ತು, ಅಜ್ಜನ ಕಾಲದ್ದು. ಹಾಲು ಹಂಚುವ ಮೊದಲು ಯಜಮಾನ, ಯಾರಿಗೆ ಯಾರ ಮೇಲೆ ಮನಸ್ತಾಪ ಇದೆಯೋ ಈಗಲೇ ಹೇಳಿ ಎಂದು ಕೇಳಬೇಕು. ಒಳಗೆ ಇಟ್ಟುಕೊಂಡು ಹೊಸ ಅಕ್ಕಿ ಮುಟ್ಟಬಾರದು. ಸಾಧಾರಣವಾಗಿ ತಮ್ಮ ನನ್ನ ಪೆನ್ಸಿಲ್ ಕದ್ದದ್ದು, ಮಾಯ್‌ಗೆ ಸೀರೆ ತರುತ್ತೇನೆ ಎಂದು ಪಪ್ಪಾ ತರದೇ ಇದ್ದದ್ದು, ಇಷ್ಟೇ ಬರುತ್ತಿತ್ತು. ಎಲ್ಲರೂ ನಕ್ಕು ಹಾಲು ಕುಡಿಯುತ್ತಿದ್ದರು. ಆ ಸಲ ಪಪ್ಪಾ ಚಮಚ ಹಿಡಿದು ಕೇಳಿದಾಗ ನಾನು ಎದ್ದು ನಿಂತೆ.

“ಸಂಕದ ದುಡ್ಡು ನೀವು ಇಗರ್ಜಿ ರಸ್ತೆಗೆ ಹಾಕಿದ್ದೀರಿ,” ಎಂದೆ. ಕನ್ನಡದಲ್ಲೇ ಹೇಳಿದೆ, ಕಚೇರಿಯ ಭಾಷೆಯಲ್ಲಿ.

ಪಪ್ಪಾ ಸಿಟ್ಟಾಗಲಿಲ್ಲ. ಚಮಚವನ್ನು ಬಟ್ಟಲಿನಲ್ಲಿಟ್ಟು, ಪಾಠ ಹೇಳುವಾಗಿನ ಅದೇ ತಾಳ್ಮೆಯಿಂದ ವಿವರಿಸತೊಡಗಿದರು. ಒಂದು ಪೈಸೆಯೂ ತಮ್ಮ ಜೇಬಿಗೆ ಬಂದಿಲ್ಲ, ಮನೆಗೆ ಒಂದು ಚೀಲ ಸಿಮೆಂಟೂ ಬಂದಿಲ್ಲ. ಸದಸ್ಯರೆಲ್ಲ ಒಪ್ಪಿ ಸಹಿ ಹಾಕಿದ್ದಾರೆ. ರಸ್ತೆ ಸಾರ್ವಜನಿಕರದ್ದು, ಅದರ ಮೇಲೆ ಮಾದೇವಿಯೂ ನಡೆಯಬಹುದು. ರಸ್ತೆಗೆ ಬರುವುದಕ್ಕೆ ಅವಳು ಹಳ್ಳ ದಾಟಬೇಕಲ್ಲ ಎಂದೆ. ಅವರು ಬಟ್ಟಲಿನ ಹಾಲನ್ನು ಚಮಚದಿಂದ ಒಮ್ಮೆ ಕದಡಿದರು. ಅಷ್ಟಕ್ಕೇ ನಿಂತಿದ್ದರೆ ನಾನು ಅವರನ್ನು ಕ್ಷಮಿಸುತ್ತಿದ್ದೆನೋ ಏನೋ. ಬಿಷಪರು ಬರುತ್ತಾರೆಂದು ಒತ್ತಾಯ ಬಂತು, ತಡೆಯಲಾಗಲಿಲ್ಲ ಎಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಅವರು ನಿಜ ಹೇಳಿದರು. ಹೊಸತಿನ ಎದುರು ಸುಳ್ಳು ಹೇಳಬಾರದಲ್ಲ.

“ಇಗರ್ಜಿ ರಸ್ತೆ ಅಂತ ಬರೆದ್ರೆ ಜಿಲ್ಲೆಯಿಂದ ಒಂದು ರೂಪಾಯಿ ಬರೂದಿಲ್ಲ. ಶಾಲೆ ಮಕ್ಕಳು ಹಳ್ಳಕ್ಕೆ ಬೀಳ್ತವೆ ಅಂತ ಬರೆದ್ರೆ ಬತ್ತದೆ. ಬಂದ ಮೇಲೆ ಬದಲಾಯಿಸೂದು ಅಂತ ಮೊದಲೇ ಮಾತಾಗಿತ್ತು.” ಆಮೇಲೆ ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಸೇರಿಸಿದರು, “ನೀ ಬರೆದದ್ದು ಬಹಳ ಚೆನ್ನಾಗಿತ್ತು ಬಾಯೆ. ಅದನ್ನ ಓದಿಯೇ ಸಾಹೇಬರು ಮಂಜೂರು ಮಾಡಿದ್ದು.”

ಮಾದೇವಿಯ ಕೈಯ ರಕ್ತ, ಕಾಂಡದ ಮೇಲೆ ಕೂತು ದಾಟುವ ಮಕ್ಕಳು, ಎಲ್ಲವನ್ನೂ ನಾನು ನಂಬಿ ಬರೆದಿದ್ದೆ. ಅವರು ಕಣ್ಣೊರೆಸಿಕೊಂಡು ಓದಿ, ಅದನ್ನು ಗಾಳದ ತುದಿಗೆ ಸಿಕ್ಕಿಸಿ ಕಳಿಸಿದ್ದರು. ಸಂಕ ಎಂಬುದು ನಾನು ಬರೆದ ಆ ದಿನವೂ ಇರಲಿಲ್ಲ, ಕರಡಿನಲ್ಲಿ ಹೆಸರು ಬಂದ ದಿನವೂ ಇರಲಿಲ್ಲ. ನನ್ನ ಅಪ್ಪ ನನಗೆ ಮೋಸ ಮಾಡಿದರು. ಇಷ್ಟು ವರ್ಷ ಇದನ್ನು ನಯವಾಗಿ ಹೇಳುವ ದಾರಿ ಹುಡುಕಿದ್ದೇನೆ, ಸಿಕ್ಕಿಲ್ಲ. ಮಾಯ್ ಕೊಂಕಣಿಯಲ್ಲಿ, ಹಾಲು ಒಡೆಯುತ್ತದೆ, ಹಂಚಿಬಿಡಿ ಎಂದಳು. ಮನಸ್ತಾಪ ಹೇಳಿ ಆಗಿತ್ತಲ್ಲ, ಕ್ರಮದ ಪ್ರಕಾರ ಇನ್ನು ಅಡ್ಡಿಯಿರಲಿಲ್ಲ. ಪಪ್ಪಾ ಚಮಚ ನನ್ನ ಬಾಯಿಯ ಹತ್ತಿರ ತಂದರು. ನಾನು ನುಂಗಿದೆ.

ಆ ವರ್ಷದ ಆಡಿಟ್ಟಿನಲ್ಲಿ ಒಂದೂ ಆಕ್ಷೇಪಣೆ ಬರಲಿಲ್ಲ. ಮುಂದೆ ನಾನು ಈ ವಿಷಯವನ್ನೇ ಹಿಡಿದು ಓದಿದ್ದು ದೇವರ ಮೇಲಿನ ಭಕ್ತಿಯಿಂದ ಅಲ್ಲ, ಈ ಆಡಿಟ್ಟಿನ ಮೇಲಿನ ಸಿಟ್ಟಿನಿಂದ. ಕಳ್ಳತನವಾದರೆ ಹಿಡಿಯಲು ನಿಯಮಗಳಿವೆ. ಬಡವರ ಹೆಸರು ಬರೆದು ಹಣ ತರಿಸಿ, ಅದನ್ನು ಠರಾವು ಮಾಡಿ ಬೇರೆ ಕಡೆ ಹಾಕಿದರೆ ಪುಸ್ತಕಗಳು ಅದಕ್ಕೆ ಮರುಹಂಚಿಕೆ ಎನ್ನುತ್ತವೆ, ಪರೀಕ್ಷೆಯಲ್ಲಿ ಅದಕ್ಕೆ ಐದು ಅಂಕ. ಕುಮಟೆಯ ಮಕ್ಕಳಿಗೆ ನಾನು ಬಜೆಟ್ಟನ್ನು ಓದುವಾಗ ವರ್ಷದ ಕೊನೆಯ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡು ಓದಿ ಎಂದು ಹೇಳಿಕೊಟ್ಟೆ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮವರಿಗೆ ಸಿಕ್ಕಿದ ಬಾಬ್ತನ್ನು ಎರಡು ಸಲ ಓದಿ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಹಳ್ಳಕ್ಕೆ ಸಂಕ ಆಮೇಲೆ ಆಯಿತು, ನಾನು ಧಾರವಾಡದಲ್ಲಿದ್ದಾಗ. ಅಷ್ಟು ಹೊತ್ತಿಗೆ ಮಾದೇವಿಗೆ ಮದುವೆಯಾಗಿ ಎರಡು ಮಕ್ಕಳು.

ಹೊಸತಿನ ಆ ಹಬ್ಬದ ಮಾರನೇ ದಿನ ಬೆಳಿಗ್ಗೆ ನಾಗಮ್ಮ ನಮ್ಮ ಮನೆಗೆ ಬಂದಳು. ಪಪ್ಪಾ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು, ನಾನು ಮೆಟ್ಟಿಲಲ್ಲಿ ಕೂತಿದ್ದೆ. ಅವಳು ಬುಟ್ಟಿ ಇಳಿಸಿ ಅದರಿಂದ ಒಂದು ಇಡೀ ಇಸ್ವಾಣ ಮೀನು ತೆಗೆದು ಬಾಳೆಲೆಯ ಮೇಲಿಟ್ಟಳು. ಅಂಥ ಮೀನು ಅವಳು ಯಾವತ್ತೂ ನಮ್ಮ ಕಡೆ ತಂದವಳಲ್ಲ, ಅದು ಹೊನ್ನಾವರದ ಹೋಟೆಲಿಗೆ ಹೋಗುವ ಮೀನು. ಮಾಯ್ ಹಣ ತರಲು ಒಳಗೆ ಹೋಗುತ್ತಿದ್ದಂತೆ ಬೇಡ ಎಂದು ಕೈ ಆಡಿಸಿದಳು. ಮಾದೇವಿ ನಾಳೆ ಭಟ್ಕಳಕ್ಕೆ ಹೋಗುತ್ತಾಳೆ, ಮಳೆ ಕಳೆದು ಬೋಟು ಶುರುವಾಗಿ ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಕೈ ಸಾಲುತ್ತಿಲ್ಲವಂತೆ, ಚಿಕ್ಕಮ್ಮ ಹೇಳಿ ಕಳಿಸಿದ್ದಾಳೆ ಎಂದಳು.

“ನೀವು ಬರೆದು ಕೊಟ್ರಿ ಸೆಕ್ರೆಟ್ರಿಯವ್ರೇ, ಈ ಹುಡುಗಿ ಅಷ್ಟು ಮಾಡ್ತು. ಮೇಲಿನವ್ರು ಕೊಡ್ಲಿಲ್ಲ, ನೀವೆಂತ ಮಾಡೂಕೆ ಆತದೆ? ನಮ್ ಬಗ್ಗೆ ಬರೆದವ್ರು ನೀವೊಬ್ರೇ. ಇದು ನಿಮ್ ಮನೆಗೆ.”

ನಾನು ಪಪ್ಪಾನ ಮುಖ ನೋಡಿದೆ. ಈಗ ಹೇಳುತ್ತಾರೆ ಎಂದು ಎಣಿಸಿದೆ. ನಿನ್ನೆ ನನಗೆ ಹೇಳಿದವರಲ್ಲವೇ. ಅವರು ಪೇಪರನ್ನು ಮಡಿಸಿದರು, ಕನ್ನಡಕ ಸರಿ ಮಾಡಿಕೊಂಡರು.

“ಆತು ನಾಗಮ್ಮ. ಮುಂದಿನ ವರ್ಷ ಮತ್ತೆ ಬರೆಯುವಾ.”

ನನಗೂ ಬಾಯಿ ಇತ್ತು. ಅವಳು ಬುಟ್ಟಿ ಎತ್ತಿ ತಲೆಗೆ ಇಟ್ಟುಕೊಳ್ಳುವವರೆಗೆ, ಅಂಗಳ ದಾಟುವವರೆಗೆ, ಹೊಸ ಡಾಂಬರು ರಸ್ತೆ ಹತ್ತಿ ಬರಿಗಾಲಿನಲ್ಲಿ ತಿರುವಿನವರೆಗೆ ಹೋಗುವವರೆಗೆ ನನಗೆ ಸಮಯವಿತ್ತು. ಕೂಗಿದ್ದರೆ ಕೇಳಿಸುತ್ತಿತ್ತು. ಕೂಗಲಿಲ್ಲ. ಕೂಗಿದ್ದರೆ ಆ ಊರಿನಲ್ಲಿ ಪಪ್ಪಾ ತಲೆಯೆತ್ತಿ ನಡೆಯುವ ಹಾಗಿರಲಿಲ್ಲ, ಅದು ನನಗೆ ಗೊತ್ತಿತ್ತು. ಬೇರೆ ಯಾವ ಕಾರಣವೂ ಇರಲಿಲ್ಲ. ಮಧ್ಯಾಹ್ನ ಮಾಯ್ ಇಸ್ವಾಣದ ಸಾರು ಮಾಡಿದಳು, ನಾಲ್ಕು ತುಂಡು ಹುರಿದಳು. ಪಪ್ಪಾ ಎಂದಿನಂತೆ ಊಟದ ಪ್ರಾರ್ಥನೆ ಹೇಳಿ, ಈ ಊಟ ಕೊಟ್ಟವರನ್ನು ಆಶೀರ್ವದಿಸು ಎಂದು ಮುಗಿಸಿದರು. ನಾನು ಆಮೆನ್ ಎಂದೆ, ತಟ್ಟೆ ಮುಂದಕ್ಕೆ ಹಿಡಿದೆ.